ಒಪ್ಪಿಗೆ ಎಂಬ ಹೆಬ್ಬೆಟ್ಟು

ಹಿಂದೆ ಸಾಹುಕಾರ ಸಾಲ ಕೊಡುವಾಗ ಒಂದು ಕಾಗದ ಮುಂದಿಡುತ್ತಿದ್ದ. ಅದರಲ್ಲಿ ಏನು ಬರೆದಿದೆ ಎಂದು ಕೇಳಿದರೆ ಸಾಲ ಇಲ್ಲ. ನಮ್ಮ ಅಜ್ಜಂದಿರು ಸುಮ್ಮನೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದರು. ಆ ಕಾಗದ ಒಂದು ದಿನ ಹೊಲದ ಮೇಲೆ ಬಂದು ಕೂರುತ್ತಿತ್ತು.

ನಮಗೆ ಓದು ಬರುತ್ತದೆ. ಡಿಗ್ರಿ, ಡಿಪ್ಲೊಮಾ ಎಲ್ಲ ಆಗಿದೆ. ಆದರೂ ಫೋನಿನಲ್ಲಿ ‘ಒಪ್ಪಿದ್ದೇನೆ’ ಎಂಬ ಗುಂಡಿ ಬಂದರೆ ನಾವೂ ಓದದೇ ಒತ್ತುತ್ತೇವೆ. ಓದಿದರೂ ಪ್ರಯೋಜನವಿಲ್ಲ, ಒತ್ತದಿದ್ದರೆ ಆಪ್ ತೆರೆಯುವುದಿಲ್ಲ. ಇದಕ್ಕೆ ಒಪ್ಪಿಗೆ ಎಂದು ಹೆಸರಿಟ್ಟವರು ಜಗತ್ತಿನ ಅತಿ ದೊಡ್ಡ ಕಂಪನಿಗಳು.

ಊರಿನ ಎಲ್ಲರ ಕೈಯಲ್ಲೂ ಇರುವ ವಾಟ್ಸಾಪ್‌ನ ಕಥೆಯನ್ನೇ ನೋಡೋಣ.

2012ರಲ್ಲಿ ವಾಟ್ಸಾಪ್ ಕಟ್ಟಿದವರು ತಾವು ಜಾಹೀರಾತು ಯಾಕೆ ಹಾಕುವುದಿಲ್ಲ ಎಂದು ದೊಡ್ಡದಾಗಿ ಬರೆದುಕೊಂಡಿದ್ದರು. 2014ರಲ್ಲಿ ಫೇಸ್‌ಬುಕ್ ಅದನ್ನು ಕೊಂಡಿತು. ಏನೂ ಬದಲಾಗುವುದಿಲ್ಲ ಎಂದು ಆಗ ಭರವಸೆ ಕೊಟ್ಟರು. ಎರಡೇ ವರ್ಷಕ್ಕೆ, 2016ರಲ್ಲಿ, ಬಳಕೆದಾರರ ಮಾಹಿತಿಯನ್ನು ಫೇಸ್‌ಬುಕ್ ಜೊತೆ ಹಂಚಿಕೊಳ್ಳುವ ನೀತಿ ಬಂತು. ಕಂಪನಿ ಕೊಳ್ಳುವಾಗ ಎರಡೂ ಕಡೆಯ ಖಾತೆಗಳನ್ನು ಜೋಡಿಸುವ ವಿಷಯದಲ್ಲಿ ದಾರಿ ತಪ್ಪಿಸುವ ಮಾಹಿತಿ ಕೊಟ್ಟಿದ್ದಕ್ಕೆ ಯುರೋಪಿಯನ್ ಕಮಿಷನ್ 2017ರಲ್ಲಿ ಫೇಸ್‌ಬುಕ್‌ಗೆ 11 ಕೋಟಿ ಯೂರೊ ದಂಡ ಹಾಕಿತು. 2021ರಲ್ಲಿ ಮತ್ತೊಂದು ನೀತಿ: ಒಪ್ಪಿ, ಇಲ್ಲದಿದ್ದರೆ ಬಿಡಿ. 2025ರಲ್ಲಿ ಸ್ಟೇಟಸ್ ನೋಡುವ ಜಾಗಕ್ಕೂ ಜಾಹೀರಾತು ತರುವುದಾಗಿ ಕಂಪನಿ ಪ್ರಕಟಿಸಿತು. ಕೊಟ್ಟ ಮಾತು ಹೀಗೆ ಒಂದೊಂದೇ ಕರಗಿತು.

‘ನಮ್ಮ ಮೆಸೇಜ್ ಯಾರೂ ಓದಲ್ವಂತೆ, ಬೀಗ ಹಾಕಿರ್ತಾರಂತೆ’ ಎನ್ನುತ್ತೀರಿ. ನಿಜ. ನೀವು ಮಗಳಿಗೆ ಕಳಿಸಿದ ಮೆಸೇಜಿನ ಒಳಗೇನಿದೆ ಎಂದು ಕಂಪನಿಗೆ ಕಾಣದು. ಆದರೆ ಒಬ್ಬ ಅಂಚೆಯವನನ್ನು ನೆನೆಸಿಕೊಳ್ಳಿ. ಅವನು ಕಾಗದ ಒಡೆಯುವುದಿಲ್ಲ. ಆದರೆ ಎಷ್ಟು ಸಲ, ಯಾವ ಹೊತ್ತಿಗೆ, ಯಾವ ಊರಿಂದ ವ್ಯವಹಾರ ನಡೆಯಿತು ಎಂದು ದಿನವೂ ಪುಸ್ತಕದಲ್ಲಿ ಬರೆದಿಡುತ್ತಾನೆ. ಊರಿನ ಗುಟ್ಟು ತಿಳಿಯಲು ಅಷ್ಟು ಸಾಕು.

ವಾಟ್ಸಾಪ್‌ನ ನೀತಿಯಲ್ಲೇ ಇದೆ: ನಿಮ್ಮ ನಂಬರ್, ನೀವು ಅನುಮತಿ ಕೊಟ್ಟರೆ ಫೋನಿನಲ್ಲಿರುವ ಇತರರ ನಂಬರ್, ನೀವು ಯಾವಾಗ, ಎಷ್ಟು ಹೊತ್ತು ಬಳಸುತ್ತೀರಿ, ಯಾವ ಫೋನು, ಯಾವ ನೆಟ್‌ವರ್ಕ್, ಸುಮಾರಾಗಿ ಎಲ್ಲಿದ್ದೀರಿ. ಬ್ಯಾಟರಿ ಎಷ್ಟಿದೆ ಎಂಬುದು ಕೂಡ. ಅಂಗಡಿ, ಬ್ಯಾಂಕುಗಳ ಖಾತೆಗೆ ನೀವು ಕಳಿಸುವ ಮೆಸೇಜಿನ ಲೆಕ್ಕವೇ ಬೇರೆ. ಅದನ್ನು ಆ ಕಡೆಯವರು ಬೇರೆ ಕಂಪನಿಗೆ ನಿರ್ವಹಣೆಗೆ ಕೊಡಬಹುದು. ವಾಟ್ಸಾಪ್‌ನ ಒಡೆಯ ಮೆಟಾ ಕಂಪನಿಯೂ ಆ ಕೆಲಸ ಮಾಡುತ್ತದೆ.

ಇಷ್ಟವಿಲ್ಲದಿದ್ದರೆ ಬಿಡಬಹುದಲ್ಲ ಎನ್ನುತ್ತಾರೆ ಪೇಟೆಯ ಪಂಡಿತರು. ಬಿಟ್ಟು ಎಲ್ಲಿಗೆ ಹೋಗಬೇಕು? ಮಕ್ಕಳ ಹೋಂವರ್ಕ್ ಬರುವುದು ಶಾಲೆಯ ಗ್ರೂಪಿನಲ್ಲಿ. ಹಾಲಿನ ಡೈರಿಯ ಸುದ್ದಿ, ಸಂಘದ ಕಂತಿನ ದಿನ, ನಲ್ಲಿ ನೀರು ಬಿಡುವ ಹೊತ್ತು, ಆಶಾ ಕಾರ್ಯಕರ್ತೆಯರಿಗೆ ಮೇಲಿನವರ ಆದೇಶ, ಎಲ್ಲವೂ ಅಲ್ಲೇ. ಜಿಲ್ಲೆಯ ಸುದ್ದಿ ಬರೆಯುವ ನಾವು ಫೋಟೊ, ವಿಡಿಯೊವನ್ನು ಡೆಸ್ಕ್‌ಗೆ ಕಳಿಸುವುದೂ ಅದರಲ್ಲೇ. ಈ ಬರಹ ಕೂಡ ನಿಮಗೆ ಅದರಲ್ಲೇ ಬಂದಿರಬಹುದು. ಊರಿಗೆ ಇರುವುದೇ ಒಂದು ಬಾವಿ. ಆ ಬಾವಿಯ ಒಡೆಯ ‘ಇಷ್ಟವಿದ್ದರೆ ಸೇದಿ’ ಎಂದರೆ ಅದು ಆಯ್ಕೆ ಆಗುವುದಿಲ್ಲ.

2021ರಲ್ಲಿ ಕೇಂದ್ರ ಸರ್ಕಾರವೇ ಹೇಳಿದ ಲೆಕ್ಕದಂತೆ ಭಾರತದಲ್ಲಿ 53 ಕೋಟಿ ಜನ ವಾಟ್ಸಾಪ್ ಬಳಸುತ್ತಿದ್ದರು. ಯುರೋಪಿನವರಿಗೆ ಕಂಪನಿಯ ನೀತಿ ಬೇರೆ, ನಮಗೆ ಬೇರೆ. ಅಲ್ಲಿ ಕಾನೂನು ಬಿಗಿ ಇದೆ, ಇಲ್ಲಿ ಕೇಳುವವರಿರಲಿಲ್ಲ.

ಕೊನೆಗೆ 2024ರ ನವೆಂಬರ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ 2021ರ ಆ ನೀತಿಗಾಗಿ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಜಾಹೀರಾತಿಗಾಗಿ ವಾಟ್ಸಾಪ್ ಮಾಹಿತಿಯನ್ನು ತನ್ನ ಬೇರೆ ಕಂಪನಿಗಳ ಜೊತೆ ಐದು ವರ್ಷ ಹಂಚಿಕೊಳ್ಳಬಾರದು ಎಂದೂ ಹೇಳಿತು. ಕಂಪನಿ ಮೇಲ್ಮನವಿ ಹಾಕಿತು. 2025ರ ನವೆಂಬರ್‌ನಲ್ಲಿ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಉಳಿಸಿ, ಐದು ವರ್ಷದ ನಿಷೇಧವನ್ನು ತೆಗೆದುಹಾಕಿತು.

ಆ ದಂಡದ ತೂಕ ಎಷ್ಟು? 2024ರಲ್ಲಿ ಮೆಟಾದ ವರಮಾನ ಸುಮಾರು 16,450 ಕೋಟಿ ಡಾಲರ್. ನಮ್ಮ ದುಡ್ಡಿನಲ್ಲಿ 13 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಕರ್ನಾಟಕ ಸರ್ಕಾರದ 2025-26ರ ಬಜೆಟ್ 4.09 ಲಕ್ಷ ಕೋಟಿ. ಇಡೀ ರಾಜ್ಯದ ಬಜೆಟ್‌ನ ಮೂರು ಪಟ್ಟು ಒಂದು ಕಂಪನಿಯ ವರಮಾನ, ಅದರಲ್ಲಿ ಹೆಚ್ಚುಕಮ್ಮಿ ಎಲ್ಲವೂ ಜಾಹೀರಾತಿನದು. ನಾವೇ ಲೆಕ್ಕ ಹಾಕಿ ನೋಡಿದೆವು: 213 ಕೋಟಿ ಎಂದರೆ ಆ ಕಂಪನಿಯ ಒಂದೂವರೆ ಗಂಟೆಯ ಸಂಪಾದನೆಯೂ ಅಲ್ಲ. ಆನೆಗೆ ಕಡ್ಡಿಯಲ್ಲಿ ಹೊಡೆದ ಹಾಗೆ.

ಹಾಗಾದರೆ ಕಾನೂನು? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ಕೊಟ್ಟರು. ಆ ಕೇಸು ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅರ್ಜಿ ಹಾಕುವಾಗ ಅವರಿಗೆ 86 ವರ್ಷ. ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆ ಬರಲು ಮತ್ತೆ ಆರು ವರ್ಷ ಹಿಡಿಯಿತು, 2023. ಅದರ ನಿಯಮಗಳು ಬರಲು ಇನ್ನೂ ಎರಡು ವರ್ಷ, 2025ರ ನವೆಂಬರ್.

ನಮಗೆ ಸಿಟ್ಟು ಬಂದಿರುವುದು ಇಲ್ಲಿ. ಆ ಕಾಯ್ದೆಯಲ್ಲಿ ಕಂಪನಿಗಳು ಪಾಲಿಸಬೇಕಾದ ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಪುರುಸೊತ್ತು ಕೊಟ್ಟಿದ್ದಾರೆ. ಆದರೆ ಅದೇ ಕಾಯ್ದೆಯ 44(3)ನೇ ಕಲಂ ತಡಮಾಡದೆ ಜಾರಿಗೆ ಬಂತು. ಅದು ಮಾಡಿದ್ದು ಮಾಹಿತಿ ಹಕ್ಕು ಕಾಯ್ದೆಯ ತಿದ್ದುಪಡಿ. ಮೊದಲು, ಸಾರ್ವಜನಿಕ ಕೆಲಸಕ್ಕೆ ಅಥವಾ ಹಿತಕ್ಕೆ ಸಂಬಂಧವೇ ಇಲ್ಲದ, ಇಲ್ಲವೇ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದಿತ್ತು. ಈಗ ‘ವೈಯಕ್ತಿಕ ಮಾಹಿತಿ’ ಎಂದರೆ ಸಾಕು. ಸಾರ್ವಜನಿಕ ಹಿತವಿದ್ದರೆ ಕೊಡಬಹುದು ಎಂಬ 8(2)ನೇ ಕಲಂ ಉಳಿದಿದೆ ಎಂದು ಸರ್ಕಾರ ಸಮಜಾಯಿಷಿ ಕೊಡುತ್ತದೆ. ಹಿತ ಇದೆಯೋ ಇಲ್ಲವೋ ಎಂದು ಮೊದಲು ತೀರ್ಮಾನಿಸುವುದು ನಾವು ಪ್ರಶ್ನೆ ಕೇಳಿದ ಅದೇ ಕಚೇರಿ.

ಮನೆ ಮಂಜೂರಾದವರ ಪಟ್ಟಿ, ಕೂಲಿ ಹಣ ಯಾರ ಹೆಸರಿಗೆ ಬಿತ್ತು ಎಂಬ ವಿವರ, ಇವೆಲ್ಲದರಲ್ಲೂ ಹೆಸರು ಇದ್ದೇ ಇರುತ್ತದೆ. ಹೆಸರೇ ವೈಯಕ್ತಿಕ ಎಂದರೆ ಸತ್ತವರ ಹೆಸರಿನಲ್ಲಿ ಬಿಲ್ ಆಗಿದ್ದನ್ನು ಯಾರು ಹಿಡಿಯಬೇಕು? ಊರಿನ ಬಡವ ಅಧಿಕಾರಿಯ ಲೆಕ್ಕ ಕೇಳಲು ಬಾಗಿಲು ಅರ್ಧ ಮುಚ್ಚಿತು. ಕಂಪನಿ ಬಡವನ ಲೆಕ್ಕ ಇಡಲು ಬಾಗಿಲು ಇನ್ನೂ ತೆರೆದೇ ಇದೆ.

ಇದನ್ನು ಓದಿ ಫೋನು ಬಾವಿಗೆ ಎಸೆಯಿರಿ ಎಂದು ನಾವು ಹೇಳುವುದಿಲ್ಲ. ನಿಮ್ಮ ನಮ್ಮ ಎಚ್ಚರಿಕೆ ಒಂದರಿಂದಲೇ ಇದು ಸರಿಹೋಗುವುದೂ ಇಲ್ಲ. ಕೇಳಬೇಕಾದ್ದನ್ನು ಕೇಳಬೇಕಾದ ಜಾಗದಲ್ಲಿ ಕೇಳೋಣ.

ಒಂದು, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ: ಪಂಚಾಯ್ತಿಯ ಯಾವ ಸೂಚನೆಯೂ ವಾಟ್ಸಾಪ್‌ನಲ್ಲಿ ಮಾತ್ರ ಬರಬಾರದು. ನೋಟಿಸ್ ಬೋರ್ಡಿಗೂ ಹಚ್ಚಬೇಕು, ಡಂಗುರವನ್ನೂ ಹೊಡೆಸಬೇಕು. ಇದನ್ನು ನಡವಳಿಯಲ್ಲಿ ಬರೆಸಿ.

ಎರಡು, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್ ಅಥವಾ ಸಂವಿಧಾನದ 8ನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಅವಕಾಶ ಕೊಡಬೇಕು ಎಂದು 2023ರ ಕಾಯ್ದೆಯೇ ಹೇಳುತ್ತದೆ. ಕನ್ನಡ ಅದರಲ್ಲಿದೆ. 18 ತಿಂಗಳು ಕಾಯದೆ, ನಮಗೆ ಅರ್ಥವಾಗುವ ಕನ್ನಡದಲ್ಲಿ ಈಗಲೇ ಕೊಡಿ ಎಂದು ಶಾಸಕರ, ಸಂಸದರ ಬೆನ್ನು ಹತ್ತಬೇಕು. ‘ಬೇಡ’ ಎನ್ನುವ ಗುಂಡಿಯೂ ಅದೇ ಅಳತೆಯಲ್ಲಿ ಪಕ್ಕದಲ್ಲೇ ಇರಬೇಕು. ‘ಬೇಡ’ ಎಂದವರಿಗೂ ಆಪ್ ತೆರೆಯಬೇಕು.

ಮೂರು, ಮಾಹಿತಿ ಹಕ್ಕಿನ ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ. ಅರ್ಜಿಯಲ್ಲೇ 8(2)ನ್ನು ಹೆಸರಿಸಿ, ಸಾರ್ವಜನಿಕ ಹಿತ ಏನು ಎಂದು ಎರಡು ಸಾಲು ಬರೆಯಿರಿ. ‘ವೈಯಕ್ತಿಕ’ ಎಂದು ತಿರಸ್ಕರಿಸಿದ ಉತ್ತರ ಬಂದರೆ ಮೇಲ್ಮನವಿ ಹಾಕಿ, ಅದರ ಪ್ರತಿಯನ್ನು ನಮಗೂ ಕೊಡಿ. ತಾಲ್ಲೂಕುವಾರು ಜೋಡಿಸಿ ನಾವು ಬರೆಯುತ್ತೇವೆ.