ಕೋಟೆ ಹಿಡಿದವರು ಒಬ್ಬರು, ಕೋಟೆ ಚಿತ್ರ ಮಾರಿದವರು ಇನ್ನೊಬ್ಬರು

(1/3)

'ಓಲ್ಡ್ ಬೆಂಗಳೂರು' ಅಂತ ಒಂದು ರೀಲ್ ಬರುತ್ತಲ್ಲ, ಹಿಂದೆ ಕೊಳಲು, ಮುಂದೆ ಮಾಸಿದ ಬಣ್ಣದ ಕೋಟೆ, ಬೆಟ್ಟ, ಮರದ ನೆರಳಲ್ಲಿ ಕೂತ ನಾಲ್ಕು ಜನ. ನೀವೂ ಒಂದ್ಸಲ ಸ್ಟೋರಿಗೆ ಹಾಕಿರ್ತೀರ. ಕೆಳಗೆ ಕಾಮೆಂಟು: 'ಎಷ್ಟು ಚೆನ್ನಾಗಿತ್ತು ನಮ್ಮೂರು'. ಆ ಚಿತ್ರ ಬರೆದೋರು ಯಾರು, ತಾಮ್ರದ ಮೇಲೆ ಕೊರೆದೋರು ಯಾರು, ಯಾರಿಗೆ ಎಷ್ಟಕ್ಕೆ ಮಾರಿದ್ರು, ಇದ್ಯಾವುದೂ ಇರಲ್ಲ. ನನ್ನ ತಕರಾರು ಅದೇ. ಬಿಕಾಂ ಓದೋರಿಗೆ ಚಿತ್ರದ ಜೊತೆ ಅದರ ಬಿಲ್ಲೂ ನೋಡಬೇಕು ಅನ್ಸುತ್ತೆ, ಏನು ಮಾಡೋದು.

1791ರ ಮಾರ್ಚ್. ಕಾರ್ನ್‌ವಾಲಿಸ್ ಸೈನ್ಯ ಕೋಲಾರ, ಹೊಸಕೋಟೆ ಮೇಲೆ, ಅಂದ್ರೆ ನಮ್ಮ ತಾಲ್ಲೂಕಿನ ಮೂಲಕವೇ ಬೆಂಗಳೂರಿಗೆ ಬಂತು. ಮಾರ್ಚ್ 7ಕ್ಕೆ ಪೇಟೆ ಹೋಯ್ತು, 21ರ ರಾತ್ರಿ ಕೋಟೆ ಹೋಯ್ತು. ಮುಂದಿನ ವರ್ಷ ಶ್ರೀರಂಗಪಟ್ಟಣದ ಒಪ್ಪಂದ. ಟಿಪ್ಪುವಿನ ರಾಜ್ಯ ಹೇಗಿದೆ ಅಂತ ನೋಡೋಕೆ ಇಂಗ್ಲೆಂಡಿನಲ್ಲಿ ದುಡ್ಡಿರೋರೆಲ್ಲ ಕಾಯ್ತಾ ಇದ್ರು. ಡಿಮ್ಯಾಂಡ್ ಇದ್ದ ಮೇಲೆ ಸಪ್ಲೈ ಬರದೇ ಇರುತ್ತಾ? ಸೈನ್ಯದ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಅವರ 'ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್' 1794ರಲ್ಲಿ ಬಂತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಸರ್ವೇ ಮಾಡ್ತಿದ್ದ ಅಧಿಕಾರಿ ಕೋಲ್‌ಬ್ರೂಕ್ ಅವರ ಹನ್ನೆರಡು ಚಿತ್ರ, ಅಲನ್ ಅನ್ನೋ ಸೈನ್ಯಾಧಿಕಾರಿಯ ಚಿತ್ರಗಳು. ಫಿರಂಗಿ ದಳದ ಜೇಮ್ಸ್ ಹಂಟರ್ 1792ರಲ್ಲೇ ತೀರಿಹೋದರು. ಆದ್ರೂ ಲಂಡನ್‌ನ ಪ್ರಕಾಶಕ ಎಡ್ವರ್ಡ್ ಓರ್ಮ್ ಹತ್ತು ವರ್ಷ ಕಳೆದ ಮೇಲೆ, 1804-05ರಲ್ಲಿ, ಹಂಟರ್ ಚಿತ್ರಗಳನ್ನ ಬಣ್ಣದ 40 ಪ್ರಿಂಟ್ ಮಾಡಿ ಮಾರಿದ್ರು. ಅಲ್ಲಿಗೆ ಟಿಪ್ಪುವೂ ಸತ್ತು ಐದು ವರ್ಷ ಆಗಿತ್ತು, ಮಾರ್ಕೆಟ್ ಮಾತ್ರ ಸತ್ತಿರಲಿಲ್ಲ.

ಹಾಗಾಗಿ ರೀಲ್‌ನಲ್ಲಿ ಬರೋ ಆ ಶಾಂತವಾದ ಬೆಟ್ಟ, ಕೋಟೆ ನೋಡುವಾಗ ಇಷ್ಟು ನೆನಪಿಟ್ಕೊಳ್ಳಿ: ಅಂಥ ಚಿತ್ರಗಳಲ್ಲಿ ಎಷ್ಟೋ ಯುದ್ಧದ ಹಿಂದೆಯೇ ಬಂದ ಸರಕು. ಪೇಟೆಯಲ್ಲಿ ಸತ್ತೋರ ಬಗ್ಗೆ ಅದರಲ್ಲಿ ಏನೂ ಕಾಣಲ್ಲ, ಹಸಿರು ಚೆನ್ನಾಗಿ ಕಾಣುತ್ತೆ.

(2/3)

ಈಗ ನನಗೆ ಇಷ್ಟವಾದ ಇಬ್ಬರ ವಿಷಯ. ಇಷ್ಟ ಅಂದ್ರೆ ಪೂರ್ತಿ ಒಪ್ಪಿಗೆ ಅಂತಲ್ಲ.

ಥಾಮಸ್ ಡೇನಿಯಲ್, ಹೋಟೆಲು-ಹೆಂಡದಂಗಡಿ ನಡೆಸೋರ ಮಗ, 1749ರಲ್ಲಿ ಹುಟ್ಟಿದ್ದು. ಅಣ್ಣನ ಮಗ ವಿಲಿಯಂ 1769ರವನು. ಇಬ್ಬರೂ 1786ರಲ್ಲಿ ಕಲ್ಕತ್ತಾಗೆ ಬಂದಾಗ ವಿಲಿಯಂಗೆ ನಮಗಿಂತ ಕಮ್ಮಿ ವಯಸ್ಸು. ಅಲ್ಲಿ ಕಲ್ಕತ್ತಾದ ಹನ್ನೆರಡು ನೋಟಗಳನ್ನ ತಾವೇ ಕೊರೆದು ತಾವೇ ಅಚ್ಚು ಹಾಕಿ ತಾವೇ ಮಾರಿದ್ರು. ಚಿತ್ರಕಾರ, ಕೊರೆಯೋನು, ತಾಮ್ರದ ಕೆಲಸದೋನು, ಪ್ರೆಸ್ಸಿನ ಹುಡುಗ ಎಲ್ಲಾ ನಾನೇ ಆಗಬೇಕಾಯ್ತು ಅನ್ನೋ ಅರ್ಥದಲ್ಲಿ ಥಾಮಸ್ ಊರಿಗೆ ಕಾಗದ ಬರೆದಿದ್ದಾರೆ. 'ನಾನೇ' ಅನ್ನೋದು ಪೂರ್ತಿ ನಿಜ ಅಲ್ಲ, ಅಲ್ಲಿನ ಕೈಕೆಲಸದವರು ಜೊತೆಗಿದ್ರು. ಅವರ ಹೆಸರುಗಳು ಕಾಗದಕ್ಕೆ ಹತ್ತಲಿಲ್ಲ.

ಬಂಡವಾಳ ಹೇಗೆ ಎತ್ತಿದ್ರು ಗೊತ್ತಾ? ಲಾಟರಿ. ತಾವು ಬರೆದ ವರ್ಣಚಿತ್ರಗಳನ್ನೇ ಬಹುಮಾನ ಇಟ್ಟು ಟಿಕೆಟ್ ಮಾರಿದ್ರು. ಆ ದುಡ್ಡಲ್ಲಿ 1792ರ ಏಪ್ರಿಲ್‌ನಲ್ಲಿ ಮದ್ರಾಸ್ ಬಿಟ್ಟು ಹೊರಟಿದ್ದು ನಮ್ಮ ಕಡೆಗೇ. ಯುದ್ಧ ಮುಗಿದು ತಿಂಗಳು ಕಳೆದಿತ್ತಷ್ಟೇ. ಪಲ್ಲಕ್ಕಿ, ಅದನ್ನ ಹೊರೋರು, ಕುದುರೆ, ಎತ್ತು, ಡೇರೆ, ಅಡುಗೆಯೋರು, ಒಂದು ಸಣ್ಣ ದಂಡೇ. ಬೆಂಗಳೂರು, ಹೊಸೂರು ಸೀಮೆ, ಬಾರಾಮಹಲಿನ ಗಿರಿದುರ್ಗಗಳು. ಹೊಸೂರು ದಾಟಿದ್ರೆ ಸಿಗೋ ರಾಯಕೋಟೆ ಅವರ ಪುಸ್ತಕದಲ್ಲಿದೆ. ದೇವಸ್ಥಾನ ನೋಡೋ ಆಸೆ ಅವರಿಗೆ ನಿಜವಾಗಿಯೂ ಇತ್ತು. ಆದ್ರೆ ಮೊದಲು ಈ ದಾರಿ ಹಿಡಿದಿದ್ದು, ಸುದ್ದಿಯಲ್ಲಿದ್ದ ಕೋಟೆಗಳಿಗೆ ಗಿರಾಕಿ ಇದ್ದಾರೆ ಅಂತ. ಟ್ರೆಂಡಿಂಗ್ ಆಡಿಯೋ ಹಿಡಿಯೋರನ್ನ ನೋಡಿ ನಗೋ ನಾವು ಇದನ್ನೂ ನೋಡಬೇಕು.

ಇದನ್ನ ಮಾಡೋ ರೀತಿ ಹೇಳ್ತೀನಿ, ಯಾಕಂದ್ರೆ ಶ್ರಮ ಕಾಣೋದು ಅಲ್ಲೇ. ನುಣುಪಾದ ತಾಮ್ರದ ಹಲಗೆ ಮೇಲೆ ರಾಳದ ಪುಡಿ ಉದುರಿಸಿ ಬಿಸಿ ಮಾಡ್ತಾರೆ, ಪುಡಿ ಅಂಟಿಕೊಳ್ಳುತ್ತೆ. ಬಿಳಿ ಉಳಿಯಬೇಕಾದ ಜಾಗಕ್ಕೆ ವಾರ್ನಿಷ್ ಬಳಿದು ಹಲಗೆಗೆ ಆಸಿಡ್ ಕೊಡ್ತಾರೆ. ಪುಡಿಯ ಕಣಗಳ ಮಧ್ಯೆ ಆಸಿಡ್ ತಾಮ್ರವನ್ನ ತಿನ್ನುತ್ತೆ. ತೆಗೆದು, ಇನ್ನೊಂದಿಷ್ಟು ಜಾಗ ವಾರ್ನಿಷ್‌ನಿಂದ ಮುಚ್ಚಿ ಮತ್ತೆ ಆಸಿಡ್. ಎಷ್ಟು ಸಲ ತಿಂದಿತೋ ಅಷ್ಟು ಕಪ್ಪು. ಇಷ್ಟೆಲ್ಲಾ ಎಡ-ಬಲ ಉಲ್ಟಾ ಮಾಡಬೇಕು, ಕಾಗದದ ಮೇಲೆ ಸೀದಾ ಬರೋಕೆ. ಆಮೇಲೆ ಮಸಿ, ಪ್ರೆಸ್ಸು, ಒಣಗಿದ ಮೇಲೆ ಒಂದೊಂದು ಹಾಳೆಗೂ ಕೈಯಲ್ಲೇ ಬಣ್ಣ. 1794ರಲ್ಲಿ ಲಂಡನ್‌ಗೆ ವಾಪಸ್ ಹೋದ ವಿಲಿಯಂ ಏಳು ವರ್ಷ ಬೆಳಗ್ಗೆ ಆರರಿಂದ ರಾತ್ರಿ ಹನ್ನೆರಡರವರೆಗೆ ಇದಕ್ಕೇ ಕೂತರಂತೆ.

ಹೊರಬಂದಿದ್ದು 'ಓರಿಯೆಂಟಲ್ ಸೀನರಿ', 1795ರಿಂದ 1808ರವರೆಗೆ, 24ರಂತೆ ಆರು ಕಂತು, ಒಟ್ಟು 144 ಚಿತ್ರ. ಪೂರ್ತಿ ಸೆಟ್ಟಿಗೆ 210 ಪೌಂಡ್. ಒಂದೇ ಸಲ ಅಷ್ಟು ಹಾಕೋರು ಎಷ್ಟು ಜನ ಇರ್ತಾರೆ, ಅದಕ್ಕೇ ಕಂತು. ಶ್ರೀಮಂತರ ಮಾರ್ಕೆಟ್ ಮುಗಿದ ಮೇಲೆ 1812ರಿಂದ ಅದೇ ಚಿತ್ರಗಳ ಸಣ್ಣ ಸೈಜಿನ ಆವೃತ್ತಿ. ನಮ್ಮ ಮಾರ್ಕೆಟಿಂಗ್ ಪುಸ್ತಕದಲ್ಲಿ ಇದಕ್ಕೊಂದು ಹೆಸರಿದೆ, ಪರೀಕ್ಷೆಗೆ ಬರುತ್ತೆ, ಓದ್ಕೊಳ್ಳಿ.

(3/3)

'ಪಾಪ, ಇಷ್ಟು ಕಷ್ಟಪಟ್ಟೋರ ಮೇಲೆ ಏನು ನಿನ್ನ ದೂರು?' ಅಂತ ಕೇಳ್ತೀರ. ಕಷ್ಟಕ್ಕೆ ನನ್ನ ನಮಸ್ಕಾರ ಇದೆ. ಅವರಿಗೂ ನೂರು ವರ್ಷ ಮುಂಚೆ ಆಮ್ಸ್ಟರ್‌ಡ್ಯಾಮ್‌ನಲ್ಲಿ ಯಾಕೋಬ್ ವಾನ್ ಮ್ಯೂರ್ಸ್ ಅಂತ ಒಬ್ಬ ಕೆತ್ತನೆಗಾರ-ಪ್ರಕಾಶಕ ಇದ್ದರು. 1672ರಲ್ಲಿ ಓಲ್ಫರ್ಟ್ ಡಾಪರ್ ಬರೆದ 'ಏಷ್ಯಾ' ಪುಸ್ತಕವನ್ನ ಚಿತ್ರಗಳ ಸಮೇತ ತಂದರು. ಡಾಪರ್ ಏಷ್ಯಾಕ್ಕೆ ಕಾಲೇ ಇಟ್ಟಿರಲಿಲ್ಲ! ಬೇರೆಯವರ ಪ್ರವಾಸದ ಬರಹ ಓದಿ ಬರೆದಿದ್ದು. ಅದರ ಮುಂದೆ ಬಿಸಿಲಲ್ಲಿ ಬೆಟ್ಟ ಹತ್ತಿ ಕೂತು ಬರೆದ ಡೇನಿಯಲ್‌ಗಳು ಎಷ್ಟೋ ಮೇಲು. ಆದ್ರೆ ಬಂದು ನೋಡಿದೋರೂ ಗಿರಾಕಿ ಕಣ್ಣಲ್ಲೇ ನೋಡಬಹುದು ಅನ್ನೋದು ನನ್ನ ವಾದ.

ಹೆಸರಿನ ವಿಷಯಕ್ಕೂ ಒಂದು ಉದಾಹರಣೆ. ಆರು ಕಂತಿನಲ್ಲಿ ಒಂದು ಎಲ್ಲೋರದ ಗುಹೆಗಳದ್ದು. ಅದನ್ನ ಬರೆದಿದ್ದು ಡೇನಿಯಲ್‌ಗಳಲ್ಲ, ಜೇಮ್ಸ್ ವೇಲ್ಸ್. ಅಷ್ಟೊತ್ತಿಗೆ ವೇಲ್ಸ್ ತೀರಿಹೋಗಿದ್ರು, ಆದ್ರೂ ಮೊದಲ ಪುಟದಲ್ಲೇ ಅವರ ಹೆಸರು ಹಾಕಿದ್ದಾರೆ, ಅದು ಮರ್ಯಾದೆ. ವೇಲ್ಸ್ ಜೊತೆ ಕೆಲಸ ಮಾಡಿದ, ತಾನೂ ಎಲ್ಲೋರದ ಚಿತ್ರ ಬರೆದ ಪುಣೆಯ ಗಂಗಾರಾಮ್ ತಂಬಟ್ ಹೆಸರು ಆ ಪುಟದಲ್ಲಿಲ್ಲ. ಕ್ರೆಡಿಟ್ ಕೊಡೋ ಪದ್ಧತಿ ಆಗ ಇರಲಿಲ್ಲ ಅಂತ ಹೇಳೋ ಹಾಗಿಲ್ಲ. ಪದ್ಧತಿ ಇತ್ತು, ತಂಬಟ್‌ವರೆಗೆ ಬರಲಿಲ್ಲ.

ಈಗ ಅನುಗೊಂಡನಹಳ್ಳಿಗೆ ಬನ್ನಿ. ನಮ್ಮ ಹೋಬಳಿ ಹೆಸರು ಹಾಕಿ ಇದೇ ಆ್ಯಪ್‌ನಲ್ಲಿ ಹುಡುಕಿ ನೋಡಿ. ಎಷ್ಟು ಸೈಟ್ ಜಾಹೀರಾತು, ಎಷ್ಟು ಡ್ರೋನ್ ವಿಡಿಯೋ! ಹುಲ್ಲಿಗೆ ಹಸಿರು ಏರಿಸಿರ್ತಾರೆ, ಕೆರೆ ತುಂಬಿರೋ ದಿನ ನೋಡಿ ತೆಗೆದಿರ್ತಾರೆ, ರಾಗಿ ಹೊಲದ ಮಧ್ಯೆ ಬಿಳಿ ಕಲ್ಲು ನೆಟ್ಟ ಸಾಲುಗಳು. ಜನ ಇರಲ್ಲ. ಡೇನಿಯಲ್ ಕಾಲದೋರು ಮರದ ಕೆಳಗೆ ನಾಲ್ಕು ಜನನ್ನಾದ್ರೂ ಕೂರಿಸ್ತಿದ್ರು, ಇವರು ಅದನ್ನೂ ತೆಗೆದ್ರು. ನೋಡೋನು ಬೇರೆ ಊರಿನೋನು, ಕೊಳ್ಳೋನೂ ಅವನೇ. ಹತ್ತು ವರ್ಷ ಆದ್ಮೇಲೆ ಈ ಹೊಲಗಳು ಹೇಗಿದ್ವು ಅಂತ ಯಾರಾದ್ರೂ ಕೇಳಿದ್ರೆ ತೋರಿಸೋಕೆ ಸಿಗೋದು ಬ್ರೋಷರ್ ಮಾತ್ರ.

ನಾವೇನು ಕಮ್ಮಿ ಫೋಟೊ ತೆಗೀತೀವಾ? ದಿನಕ್ಕೆ ನೂರು. ಸೆಲ್ಫಿ, ಬಿರಿಯಾನಿ, ಬೈಕು. ಹಿಂದೆ ಅರ್ಧ ಕಾಣೋ ಹುಣಸೆಮರ ಯಾರ ಹೊಲದ್ದು ಅಂತ ಬರೆಯಲ್ಲ. ಅಜ್ಜಿ ಒಬ್ಬರು ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ತಿರೋ ಚೆಂದದ ಫೋಟೊ ಹಾಕಿ ಕೆಳಗೆ 'ವಿಲೇಜ್ ವೈಬ್ಸ್' ಅಂತೀವಿ. ಆ ಅಜ್ಜಿಗೆ ಹೆಸರಿಲ್ವಾ? ಕೇಳಿ, ಒಪ್ಪಿದ್ರೆ ಹಾಕಿ. ಬೇಡ ಅಂದ್ರೆ ಫೋಟೊನೇ ಬೇಡ.

ಮುಂದಿನ ಪೋಸ್ಟ್ ನಿಮ್ಮದು. ನಿಮ್ಮೂರಿನ ಒಂದೇ ಒಂದು ಫೋಟೊ ಡಿಎಂ ಮಾಡಿ, ಕೆರೆ ಏರಿ, ಕಣ, ಗೋಮಾಳ, ಬಸ್ ಸ್ಟಾಪು, ಏನಾದ್ರೂ ಸರಿ. ಜೊತೆಗೆ ತಾರೀಖು, ಊರು, ಯಾವ ಕಡೆಗೆ ಮುಖ ಮಾಡಿ ನಿಂತು ತೆಗೆದಿದ್ದು, ತೆಗೆದೋರ ಹೆಸರು. ಆ ಜಾಗಕ್ಕೆ ಊರೋರು ಕರೆಯೋ ಹೆಸರು ಬೇರೆ ಇದ್ರೆ ಅದನ್ನೂ ಬರೀರಿ. ಫಿಲ್ಟರ್ ಹಾಕಿದ್ರೆ ವಾಪಸ್ ಕಳಿಸ್ತೀನಿ.