ಕೇಳಿದ್ದು ಕುರ್ಚಿ, ಕೀಲಿಕೈಯಲ್ಲ

‘ಗುಪ್ತಚರ ಕೆಲಸ ಪೊಲೀಸ್ ಅಧಿಕಾರಿಗಳದ್ದು, ಸೈನಿಕರು ಗಡಿ ನೋಡಿಕೊಳ್ಳಲಿ’ ಎನ್ನುವ ಅಂಕಣಕಾರರು ಒಮ್ಮೆ ನಮ್ಮ ಮಂಗಳೂರಿನ ಕೂಳೂರಿಗೆ ಬರಲಿ. ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಪಣಂಬೂರು: ಬಂದರು, ರಸಗೊಬ್ಬರ ಕಾರ್ಖಾನೆ, ಕೋಸ್ಟ್ ಗಾರ್ಡ್ ಕೇಂದ್ರ. ಫಲ್ಗುಣಿಯ ಕೆಳಹರಿವಿನಲ್ಲಿ, ನದಿಗೆ ಯುದ್ಧನೌಕೆ ನುಗ್ಗದಂತೆ ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿ. ನಮ್ಮ ಗಡಿಯೂ ಇದೇ, ಸ್ವಾಮಿ.

ಕಾರ್ಗಿಲ್ ಯುದ್ಧ ನೆನಪಿದೆಯೇ? 1998ರ ಜೂನ್‌ನಲ್ಲೇ ಗುಪ್ತಚರ ದಳ (ಐಬಿ) ಗಡಿಯಾಚೆಯ ಚಟುವಟಿಕೆಯ ಬಗ್ಗೆ ವರದಿ ಕಳಿಸಿತ್ತು. ಆದರೆ ಅದನ್ನು ಯಾರಿಗೆ ಬರೆಯಲಾಗಿತ್ತೋ ಆ ಪಟ್ಟಿಯಲ್ಲಿ ಸೇನಾ ಗುಪ್ತಚರ ವಿಭಾಗದ ಮಹಾನಿರ್ದೇಶಕರೇ ಇರಲಿಲ್ಲ! ಹೀಗೆಂದದ್ದು ಆ ಯುದ್ಧದ ಪರಿಶೀಲನೆಗೆ ನೇಮಕವಾದ ಕೆ. ಸುಬ್ರಹ್ಮಣ್ಯಂ ಸಮಿತಿ, ಅದರ ಅಧ್ಯಕ್ಷರು ಸೈನಿಕರಲ್ಲ, ಐಎಎಸ್‌ನವರು. 2002ರಲ್ಲಿ ರಕ್ಷಣಾ ಗುಪ್ತಚರ ಸಂಸ್ಥೆ ಹುಟ್ಟಿತು, ಸರಿ. ಆದರೆ 1968ರಿಂದ ಇರುವ ವಿದೇಶಿ ಗುಪ್ತಚರ ಸಂಸ್ಥೆ ‘ರಾ’ಗೆ ಸೇವೆಯಲ್ಲಿದ್ದ ಸೇನಾಧಿಕಾರಿ ಒಬ್ಬರೂ ಮುಖ್ಯಸ್ಥರಾಗಿಲ್ಲ.

ಪಾಕಿಸ್ತಾನದ ಐಎಸ್‌ಐ ತೋರಿಸಿ ಹೆದರಿಸುವುದು ಹಳೇ ವರಸೆ. ಅಲ್ಲಿ ಸೇನೆಯೇ ಯಜಮಾನ. ಇಲ್ಲಿ ಸೈನಿಕರಿಗಾಗಿ ಕೇಳುತ್ತಿರುವುದು ಗುಪ್ತಚರ ಮೇಜಿನ ಬಳಿ ಒಂದು ಕುರ್ಚಿ, ಮನೆಯ ಕೀಲಿಕೈಯಲ್ಲ. ಮುಂಬೈ ದಾಳಿಯ ನಂತರ, 2009ರಲ್ಲಿ, ಕರಾವಳಿ ಭದ್ರತೆಯ ಒಟ್ಟು ಹೊಣೆಯನ್ನು ನೌಕಾಪಡೆಯ ಹೆಗಲಿಗೆ ಹಾಕಿದವರು ದೆಹಲಿಯವರೇ. ಹೊಣೆ ಹೊರಿಸಿ, ಮಾಹಿತಿಯ ಮೇಜಿನಿಂದ ದೂರ ಕೂರಿಸುವುದು ಯಾವ ಜಾಣತನ?