ಕೆಂಪು ಗೆರೆಗೆ 'ಎನಿ' ಮದ್ದಲ್ಲ

ಡೆಮೋಗೆ ಇನ್ನೆರಡು ಗಂಟೆ ಇರುವಾಗ ಟೈಪ್‌ಸ್ಕ್ರಿಪ್ಟ್ ಕೆಂಪು ಗೆರೆ ಎಳೆದರೆ ನಾವೆಲ್ಲ ಮಾಡೋದು ಒಂದೇ: ಟೈಪ್ ಇರೋ ಜಾಗದಲ್ಲಿ 'ಎನಿ' ಅಂತ ಬರೆದು ಕೈ ತೊಳೆದುಕೊಳ್ಳೋದು. ಎರರ್ ಹೋಗುತ್ತೆ, ತಪ್ಪು ಹೋಗಲ್ಲ. ಎನಿ ಒಂಥರಾ ಅಂಟುರೋಗ. ಆ ವೇರಿಯಬಲ್‌ನಿಂದ ತೆಗೆದ ಫೀಲ್ಡ್‌ಗಳೂ ಎನಿ ಆಗ್ತವೆ, ಚೆಕ್ಕರ್ ಅಲ್ಲಿಂದ ಮುಂದೆ ಕಣ್ಣು ಮುಚ್ಚುತ್ತೆ. ನಮ್ಮ ಹಾಜರಾತಿ ಆ್ಯಪ್‌ನಲ್ಲಿ ಹೀಗೇ ಆಯ್ತು. ಐದು ಕ್ಲಾಸಿಗೆ ಬಂದವನಿಗೆ ಇನ್ನೊಂದು ಕೂಡಿಸಿದರೆ 6 ಬರಲಿಲ್ಲ, 51 ಬಂತು. ಫಾರ್ಮಿನಿಂದ ಬಂದ 5 ಸಂಖ್ಯೆಯಲ್ಲ, ಸ್ಟ್ರಿಂಗ್. ಅದೂ ಮೇಷ್ಟ್ರ ಎದುರೇ!

ಅಸಲಿಗೆ ಆ ಗಾಬರಿಯೇ ಬೇಕಿರಲಿಲ್ಲ. ಟೈಪ್ ಎರರ್ ಇದ್ದರೂ ಟೈಪ್‌ಸ್ಕ್ರಿಪ್ಟ್ ಕಂಪೈಲರ್ ಜಾವಾಸ್ಕ್ರಿಪ್ಟ್ ಬರೆದುಕೊಡುತ್ತೆ, ಬೇಡ ಅಂತ ನಾವೇ ಸೆಟ್ಟಿಂಗ್ ಹಾಕಿರದಿದ್ದರೆ. ಎರರ್ ಇಟ್ಟುಕೊಂಡೇ ಓಡಿಸಿ ನೋಡಬಹುದಿತ್ತು.

ಉದ್ದದ ಸಂದೇಶ ನೋಡಿದರೆ ಭಯ ಆಗೋದು ನಿಜ. ಆಬ್ಜೆಕ್ಟ್ ಒಳಗೆ ಆಬ್ಜೆಕ್ಟ್ ಇದ್ದಾಗ ಕೊನೆಯ ಸಾಲು ಮೊದಲು ಓದಿ. ಏನು ಹೊಂದುತ್ತಿಲ್ಲ ಅನ್ನೋದು ಸಾಮಾನ್ಯವಾಗಿ ಅಲ್ಲೇ ಇರುತ್ತೆ. (ಈ ವಿಷಯದಲ್ಲಿ ಎಲ್ಮ್ ಭಾಷೆ ಎಷ್ಟೋ ವಾಸಿ, ತಪ್ಪಿನ ಜೊತೆ ಸುಳಿವನ್ನೂ ಕೊಡುತ್ತೆ.)

ಬಾಯಿ ಮುಚ್ಚಿಸಲೇಬೇಕು ಅಂದ್ರೆ 'ಟಿಎಸ್ ಇಗ್ನೋರ್' ಬೇಡ. 2020ರಲ್ಲಿ 3.9ನೇ ಆವೃತ್ತಿಯಲ್ಲಿ ಬಂದ 'ಟಿಎಸ್ ಎಕ್ಸ್‌ಪೆಕ್ಟ್ ಎರರ್' ಕಮೆಂಟ್ ಹಾಕಿ. ಆ ತಪ್ಪನ್ನು ಯಾರಾದರೂ ಸರಿಮಾಡಿದ ದಿನ, ಈ ಕಮೆಂಟ್ ಇನ್ನು ಬೇಕಿಲ್ಲ ಅಂತ ಕಂಪೈಲರೇ ಎರರ್ ಕೊಟ್ಟು ನೆನಪಿಸುತ್ತೆ. ಇಗ್ನೋರ್ ಮಾತ್ರ ನಾವು ಡಿಗ್ರಿ ಮುಗಿಸಿ ಹೋದ ಮೇಲೂ ಜೂನಿಯರ್‌ಗಳ ಕೋಡಲ್ಲಿ ಸುಮ್ಮನೆ ಕೂತಿರುತ್ತೆ.